ಉಗುರು ಕಚ್ಚಬೇಡ ಅಂತ ಗದರುವ ಮುಂಚೆ: ಪರೀಕ್ಷೆಗೆ ಓದುವ ಮಕ್ಕಳ ಒಳಗಿನ ಒತ್ತಡವನ್ನು ಅವರ ಮೈಯಲ್ಲೇ ಗುರುತಿಸುವುದು ಹೇಗೆ

ಸೆಕೆಂಡ್ ಪಿಯು ಕೆಮಿಸ್ಟ್ರಿ ಪ್ರಾಕ್ಟಿಕಲ್‌ನಲ್ಲಿ ಟೈಟ್ರೇಶನ್ ಇರುತ್ತದೆ, ಅಂದರೆ ಒಂದು ದ್ರಾವಣಕ್ಕೆ ಇನ್ನೊಂದು ಎಷ್ಟು ಬೇಕಾಯಿತು ಅಂತ ಅಳೆಯುವ ಪ್ರಯೋಗ. ಮೇಲೆ ಬ್ಯುರೆಟ್ ಅನ್ನುವ ಅಳತೆ ಗೆರೆಯ ಗಾಜಿನ ಕೊಳವೆಯಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್, ಕೆಳಗೆ ಫ್ಲಾಸ್ಕ್‌ನಲ್ಲಿ ಆಕ್ಸಾಲಿಕ್ ಆಮ್ಲ. ಕೊನೆಗೊನೆಗೆ ಹನಿ ಹನಿಯಾಗಿ ಬಿಡಬೇಕು. ತಿಳಿ ಗುಲಾಬಿ ಬಣ್ಣ ಬಂದು ನಿಂತ ಕೂಡಲೇ ನಿಲ್ಲಿಸಬೇಕು. ವರ್ಷವಿಡೀ ಲ್ಯಾಬ್‌ನಲ್ಲಿ ಚೆಂದವಾಗಿ ಮಾಡಿದ ಮಕ್ಕಳು, ಪರೀಕ್ಷೆ ದಿನ ಹೊರಗಿನಿಂದ ಬಂದ ಎಕ್ಸಾಮಿನರ್ ಪಕ್ಕದಲ್ಲಿ ನಿಂತರೆ ಸಾಕು, ಬೆರಳು ನಡುಗಿ ನಾಲ್ಕು ಹನಿ ಜಾಸ್ತಿ ಬಿಟ್ಟುಬಿಡುತ್ತಾರೆ. ಬಣ್ಣ ಗಾಢವಾಗುತ್ತದೆ. ರೀಡಿಂಗ್ ಹೋಯಿತು, ಮತ್ತೆ ಮೊದಲಿಂದ ಮಾಡಬೇಕು. ಆ ಮಗುವಿಗೆ ವಿಷಯ ಚೆನ್ನಾಗಿಯೇ ಗೊತ್ತಿರುತ್ತದೆ.

ಪಿಯು ಕಾಲೇಜಿನಲ್ಲಿ ಪಾಠ ಮಾಡುವ ನಾನು ಇಂಥ ಬೆರಳುಗಳನ್ನು, ಬೆಂಚಿನ ಕೆಳಗೆ ಕುಣಿಯುವ ಕಾಲುಗಳನ್ನು, ಕಚ್ಚಿ ಕಚ್ಚಿ ಚಪ್ಪಟೆಯಾದ ಪೆನ್ನಿನ ಕ್ಯಾಪ್‌ಗಳನ್ನು ಪ್ರತಿ ವರ್ಷ ನೋಡುತ್ತೇನೆ. ಪೋಷಕರ ಸಭೆಗೆ ಬಂದವರು ಕೇಳುವುದು ಸಾಮಾನ್ಯವಾಗಿ ಒಂದೇ: "ಮೇಡಂ, ಇವಳು ಉಗುರು ಕಚ್ಚೋದು ಬಿಡಿಸೋಕೆ ಏನಾದ್ರೂ ಹೇಳಿ." ಬಿಡಿಸುವ ದಾರಿ ಇದೆ, ಕೆಳಗೆ ಬರೆದಿದ್ದೇನೆ. ಆದರೆ ಅದು ಮೊದಲ ಕೆಲಸ ಅಲ್ಲ. ಮಗುವಿನ ತಲೆ ಮೇಲೆ ಏನೋ ಹೊರೆ ಇದೆ ಅನ್ನುವುದನ್ನು ಮೈ ತೋರಿಸುತ್ತದೆ. ಏನು ಹೊರೆ ಅನ್ನುವುದನ್ನು ಮಾತ್ರ ಮಗುವಿನ ಬಾಯಿಂದಲೇ ಕೇಳಬೇಕು. ಈ ಎರಡನ್ನೂ ಕಲಸಿಕೊಂಡರೆ, ಅಂದರೆ ಕಾಲು ಅಲ್ಲಾಡಿಸುವುದನ್ನು ನೋಡಿ "ಏನೋ ಮುಚ್ಚಿಡ್ತಿದಾನೆ" ಅಂತ ನಾವೇ ತೀರ್ಮಾನ ಮಾಡಿಬಿಟ್ಟರೆ, ಆಮೇಲೆ ಮಗು ಬಾಯಿ ಬಿಡುವುದೇ ಇಲ್ಲ.

ಮೊದಲು: ನಿಮ್ಮ ಮಗುವಿನ ಮಾಮೂಲಿ ಯಾವುದು?

ಕೆಲವು ಮಕ್ಕಳು ಹುಟ್ಟಾ ಚಡಪಡಿಕೆಯವರು. ಕೂತಲ್ಲಿ ಕೂರುವುದಿಲ್ಲ, ಪೆನ್ನು ತಿರುಗಿಸುತ್ತಲೇ ಇರುತ್ತಾರೆ, ಟಿವಿ ನೋಡುವಾಗಲೂ ಕಾಲು ಆಡುತ್ತಿರುತ್ತದೆ. ಅವರಿಗೆ ಅದು ಮಾಮೂಲಿ. ಇನ್ನು ಕೆಲವರು ಸುಮ್ನೆ ಕೂರುವವರು, ಮಾತು ಕಮ್ಮಿ. ಅದೂ ಮಾಮೂಲಿಯೇ. ಹಾಗಾಗಿ ಪಕ್ಕದ ಮನೆ ಹುಡುಗನ ಜೊತೆ ಹೋಲಿಸಿ ಪ್ರಯೋಜನ ಇಲ್ಲ. ಮೂರು ತಿಂಗಳ ಹಿಂದೆ ನಿಮ್ಮ ಮಗಳು ಹೇಗಿದ್ದಳು, ಈಗ ಹೇಗಿದ್ದಾಳೆ, ಅಷ್ಟು ನೋಡಿ.

ನೋಡಬೇಕಾದದ್ದು ಬದಲಾವಣೆಯನ್ನು. ಬಡಬಡ ಮಾತಾಡುತ್ತಿದ್ದವಳು ಊಟದ ಹೊತ್ತಿಗೆ ಮೌನವಾಗಿದ್ದಾಳೆ. ಸುಮ್ಮನಿರುತ್ತಿದ್ದವನು ಈಗ ಒಂದೇ ಸಮನೆ ಮಾತಾಡುತ್ತಾನೆ, ಅದೂ ವೇಗವಾಗಿ. ಮೊದಲು ಯಾವಾಗಲೋ ಒಮ್ಮೆ ನೆಟಿಕೆ ಮುರಿಯುತ್ತಿದ್ದವನು ಈಗ ಪುಸ್ತಕ ತೆಗೆದ ಕೂಡಲೇ ಹತ್ತೂ ಬೆರಳು ಮುರಿಯುತ್ತಾನೆ. ಒಂದು ದಿನದ ಬದಲಾವಣೆಗೆ ಅರ್ಥ ಹುಡುಕಬೇಡಿ. ಎರಡು ವಾರ ಹಾಗೇ ಮುಂದುವರಿದರೆ ಗಮನ ಕೊಡಿ.

ಎರಡನೆಯದು: ಮೈ ಯಾಕೆ ಹೀಗೆ ಮಾಡುತ್ತದೆ ಅಂತ ತಿಳಿದುಕೊಳ್ಳಿ

ಇದು ಗೊತ್ತಿದ್ದರೆ ಅರ್ಧ ಸಿಟ್ಟು ಇಳಿಯುತ್ತದೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅಪಾಯ ಬಂತು ಅಂತ ಮಿದುಳಿಗೆ ಅನಿಸಿದರೆ ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್ ಸುರಿಯುತ್ತದೆ. ಎದುರಿಸು ಇಲ್ಲವೇ ಓಡು ಅನ್ನುವ ಈ ಸಿದ್ಧತೆಯನ್ನು ಅಮೆರಿಕದ ವಾಲ್ಟರ್ ಕ್ಯಾನನ್ ಅನ್ನುವ ಶರೀರಶಾಸ್ತ್ರಜ್ಞ 1915ರಲ್ಲೇ ವಿವರಿಸಿದ್ದ. ಎದುರಿಗೆ ಚಿರತೆ ಬಂದರೂ, ಗಣಿತದ ಪ್ರಶ್ನೆಪತ್ರಿಕೆ ಬಂದರೂ ಮೈ ಮಾಡುವ ಸಿದ್ಧತೆ ಅದೇ. ರಕ್ತ ದೊಡ್ಡ ಸ್ನಾಯುಗಳ ಕಡೆ ಹರಿಯುತ್ತದೆ, ಚರ್ಮದ ರಕ್ತನಾಳಗಳು ಕುಗ್ಗುತ್ತವೆ, ಹಾಗಾಗಿ ಕೈಕಾಲು ತಣ್ಣಗಾಗುತ್ತದೆ. ಎಂಜಲು ಕಮ್ಮಿಯಾಗುತ್ತದೆ, ನಾಲಿಗೆ ಒಣಗುತ್ತದೆ. ಜೀರ್ಣದ ಕೆಲಸ ಏರುಪೇರಾಗುತ್ತದೆ, ಅದಕ್ಕೇ ಪರೀಕ್ಷೆ ದಿನ ಬೆಳಗ್ಗೆ ಹೊಟ್ಟೆ ತೊಳಸುವುದು, ಮತ್ತೆ ಮತ್ತೆ ಟಾಯ್ಲೆಟ್‌ಗೆ ಓಡುವುದು. ಮೈಯ ಬೇರೆ ಭಾಗ ಮುಖ್ಯವಾಗಿ ಬಿಸಿಲಿಗೆ ಬೆವರಿದರೆ ಅಂಗೈ, ಅಂಗಾಲು ಗಾಬರಿಗೇ ಜಾಸ್ತಿ ಬೆವರುತ್ತವೆ. ಪರೀಕ್ಷೆ ಹಾಲ್‌ನಲ್ಲಿ ಉತ್ತರ ಪತ್ರಿಕೆ ಒದ್ದೆಯಾಗದಿರಲಿ ಅಂತ ಕರ್ಚೀಫನ್ನು ಕೈ ಕೆಳಗೆ ಹಾಸಿಕೊಂಡು ಬರೆಯುವ ಮಕ್ಕಳಿದ್ದಾರೆ. ಅಂಥವರಿಗೆ ಎರಡು ಕರ್ಚೀಫ್ ಕೊಟ್ಟು ಕಳಿಸಿ, ಅದನ್ನೊಂದು ಮಾತಿನ ವಿಷಯ ಮಾಡಬೇಡಿ.

ಇವೆಲ್ಲ ಮಗು ಬೇಕೆಂದು ಮಾಡುವುದಲ್ಲ, ತಡೆಯಲೂ ಆಗುವುದಿಲ್ಲ.

ಇನ್ನೊಂದು ಗುಂಪು ಇದೆ: ಉಗುರು ಕಚ್ಚುವುದು, ಕೂದಲು ಸುರುಳಿ ಸುತ್ತುವುದು, ತುಟಿಯ ಸಿಪ್ಪೆ ಕೀಳುವುದು, ಮೊಡವೆ ಗಿಂಜುವುದು, ಶರ್ಟಿನ ಗುಂಡಿ ತಿರುವುತ್ತಾ ಇರುವುದು, ಕತ್ತು ಸವರಿಕೊಳ್ಳುವುದು, ಕಾಲು ಕುಣಿಸುವುದು. ಓಡಲು ಸಿದ್ಧವಾದ ಮೈ ಓಡಲಾಗದೆ ಕುರ್ಚಿಯಲ್ಲಿ ಕೂತಿದೆ. ಒಳಗಿನ ಆ ಬಿಗಿತಕ್ಕೆ ಒಂದು ದಾರಿ ಬೇಕು. ಒಂದೇ ಥರದ ಸಣ್ಣ ಚಲನೆ, ಅಥವಾ ತನ್ನ ಮೈಯನ್ನು ತಾನೇ ಮುಟ್ಟಿಕೊಳ್ಳುವುದು, ಸ್ವಲ್ಪ ಹೊತ್ತು ಸಮಾಧಾನ ಕೊಡುತ್ತದೆ. ಕುಕ್ಕರ್‌ನ ವಿಷಲ್ ಇದ್ದ ಹಾಗೆ ಅಂದುಕೊಳ್ಳಿ. ವಿಷಲ್ ಒತ್ತಿಹಿಡಿದರೆ ಒಳಗಿನ ಹಬೆ ಕಮ್ಮಿಯಾಗುವುದಿಲ್ಲ, ಒಲೆ ಸಣ್ಣ ಮಾಡಬೇಕು.

ಇನ್ನು ಕೆಲವನ್ನು ನಾವು ಒತ್ತಡ ಅಂತ ಗುರುತಿಸುವುದೇ ಇಲ್ಲ. ನಿದ್ದೆಯಲ್ಲಿ ಹಲ್ಲು ಕಡಿಯುವುದು ಅಂಥದ್ದು. ನಮ್ಮ ಕಡೆ ಹಲ್ಲು ಕಡಿದರೆ ಹೊಟ್ಟೆಯಲ್ಲಿ ಜಂತುಹುಳ ಅಂತಲೇ ಲೆಕ್ಕ. ಹುಳದ ಮಾತ್ರೆ ಕೊಟ್ಟು ಸುಮ್ಮನಾಗುತ್ತೇವೆ. ಆದರೆ ಹಲ್ಲು ಕಡಿಯುವುದಕ್ಕೂ ಆತಂಕಕ್ಕೂ ನಂಟಿದೆ. ಬೆಳಗ್ಗೆ ಎದ್ದಾಗ ದವಡೆ ನೋವು, ಕಿವಿ ಪಕ್ಕ ನೋವು, ತಲೆ ಭಾರ ಅಂದರೆ ಒಮ್ಮೆ ಹಲ್ಲಿನ ಡಾಕ್ಟರಿಗೆ ತೋರಿಸಿ, ಹಲ್ಲು ಸವೆದಿದೆಯಾ ಅಂತ ಅವರು ಹೇಳುತ್ತಾರೆ. ಹಾಗೇ ಭುಜ ಕಿವಿ ಹತ್ತಿರಕ್ಕೆ ಎತ್ತಿಕೊಂಡು ಓದುವುದು, ಪದೇ ಪದೇ ನಿಟ್ಟುಸಿರು, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಕೆಮ್ಮುವುದು. ಒಂದು ಪುಟವನ್ನು ಅರ್ಧ ಗಂಟೆ ತೆರೆದಿಟ್ಟುಕೊಂಡು ಕಣ್ಣು ಒಂದೇ ಸಾಲಿನ ಮೇಲೆ ನಿಂತಿರುವುದೂ ಈ ಪಟ್ಟಿಯಲ್ಲೇ ಬರುತ್ತದೆ. ನಾವು ಅದನ್ನು ಸೋಮಾರಿತನ ಅನ್ನುತ್ತೇವೆ.

ಮೂರನೆಯದು: ಯಾವಾಗ, ಎಲ್ಲಿ, ಯಾರೆದುರಿಗೆ ಅಂತ ಬರೆದಿಡಿ

ಒಂದು ಹಳೇ ಡೈರಿ ಸಾಕು. ಮಗುವಿಗೆ ಕಾಣುವ ಹಾಗೆ ಪೊಲೀಸ್ ಥರ ಬರೆಯಬೇಡಿ. ರಾತ್ರಿ ಮಲಗುವ ಮುಂಚೆ ನೆನಪಿನಿಂದ ಎರಡು ಸಾಲು. ಹೀಗೆ:

"ಸೋಮವಾರ. ಸಂಜೆ ಟ್ಯೂಷನ್‌ನಿಂದ ಬಂದವಳು ಬಂದ ಕೂಡಲೇ ಉಗುರು. ಊಟ ಅರ್ಧ ಬಿಟ್ಟಳು."

"ಬುಧವಾರ. ಫಿಸಿಕ್ಸ್ ಓದುವಾಗ ಕೂದಲು ಸುತ್ತುತ್ತಿದ್ದಳು. ಬಯಾಲಜಿ ಓದುವಾಗ ಇರಲಿಲ್ಲ."

"ಭಾನುವಾರ. ದೊಡ್ಡಪ್ಪ ಫೋನ್ ಮಾಡಿ ಎಷ್ಟು ಪರ್ಸೆಂಟ್ ಬರುತ್ತೆ ಅಂತ ಕೇಳಿದ್ರು. ಆಮೇಲೆ ಬಾತ್‌ರೂಮಿಗೆ ಹೋದವಳು ಅರ್ಧ ಗಂಟೆ ಬರಲಿಲ್ಲ."

ಎರಡು ವಾರ ಬರೆದರೆ ಒಂದು ಚಿತ್ರ ಮೂಡುತ್ತದೆ. ಪರೀಕ್ಷೆಯ ಭಯ ಅಂತ ನಾವು ಅಂದುಕೊಂಡದ್ದು ಬರೀ ಒಂದು ವಿಷಯದ ಭಯ ಆಗಿರಬಹುದು, ಟ್ಯೂಷನ್‌ನಲ್ಲಿ ರ್‍ಯಾಂಕ್ ಪಟ್ಟಿ ಗೋಡೆಗೆ ಅಂಟಿಸುವುದರ ಅವಮಾನ ಆಗಿರಬಹುದು, ಬಸ್ಸಿನಲ್ಲಿ ಯಾರೋ ಕಾಟ ಕೊಡುತ್ತಿರಬಹುದು, ಹಾಸ್ಟೆಲ್‌ನಲ್ಲಿ ಸರಿಯಾಗಿ ನಿದ್ದೆ ಇಲ್ಲದಿರಬಹುದು, ಅಥವಾ ಅಪ್ಪ ಅಮ್ಮ ರಾತ್ರಿ ಸಾಲದ ವಿಷಯ ಜೋರಾಗಿ ಮಾತಾಡುವುದು ಗೋಡೆಯಾಚೆ ಕೇಳಿಸುತ್ತಿರಬಹುದು. ಇದರಲ್ಲಿ ಯಾವುದು ಅಂತ ಡೈರಿ ಹೇಳುವುದಿಲ್ಲ. ಎಲ್ಲಿಂದ ಕೇಳಲು ಶುರು ಮಾಡಬೇಕು ಅನ್ನುವುದನ್ನು ಹೇಳುತ್ತದೆ.

ಮಗು ಹಾಸ್ಟೆಲ್‌ನಲ್ಲಿದ್ದರೆ ಈ ಕೆಲಸ ಕಷ್ಟ. ವಿಡಿಯೋ ಕಾಲ್ ಮಾಡಿದಾಗ ಮುಖ ಮಾತ್ರ ಕಾಣುತ್ತದೆ. ಊಟ ಆಯ್ತಾ ಅಂದರೆ ಆಯ್ತು ಅನ್ನುತ್ತಾರೆ. ರಜೆಗೆ ಬಂದಾಗ ಕೈ ನೋಡಿ. ಉಗುರಿನ ಬುಡದಲ್ಲಿ ಕೆಂಪಗೆ ಊದಿಕೊಂಡಿದ್ದರೆ, ಅಂದರೆ ಉಗುರುಸುತ್ತು ಆಗಿದ್ದರೆ, ಕಚ್ಚುವುದು ಬಹಳ ದಿನದಿಂದ ನಡೆದಿರಬಹುದು ಅಂತ ಅನುಮಾನಿಸಿ. ತಲೆಗೆ ಎಣ್ಣೆ ಹಚ್ಚುವಾಗ ಒಂದು ಕಡೆ ಕೂದಲು ತೆಳ್ಳಗಾಗಿದೆಯಾ ನೋಡಿ. ಎಣ್ಣೆ ಹಚ್ಚುವ ಹೊತ್ತು ಮಾತಿಗೂ ಒಳ್ಳೆಯದು.

ನಾಲ್ಕನೆಯದು: ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟಬೇಡಿ

ಕೈ ನಡುಗುವುದು, ಎದೆ ಡವಡವ ಅನ್ನುವುದು, ಜಾಸ್ತಿ ಬೆವರುವುದು, ಚೆನ್ನಾಗಿ ತಿಂದರೂ ಸಣ್ಣಗಾಗುವುದು ಥೈರಾಯ್ಡ್ ಜಾಸ್ತಿ ಆದಾಗಲೂ ಬರುತ್ತದೆ. ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ರಾತ್ರಿ ಮಲಗಿದ ಮೇಲೆ ಕಾಲಿನಲ್ಲಿ ಏನೋ ಹರಿದಾಡಿದ ಹಾಗೆ ಆಗಿ, ಆಡಿಸಿದರೆ ಮಾತ್ರ ಸಮಾಧಾನ ಅಂತ ಮಗು ಹೇಳಿದರೆ ಅದು ಬೇರೆ ತೊಂದರೆ, ಕಬ್ಬಿಣದ ಅಂಶ ಕಮ್ಮಿ ಇದ್ದವರಲ್ಲಿ ಕಾಣಿಸಿಕೊಳ್ಳುತ್ತದೆ. ಹದಿಹರೆಯದ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಅಂತ ನಮಗೆಲ್ಲ ಗೊತ್ತು, ಹಾಗಾಗಿ ಹಿಮೋಗ್ಲೋಬಿನ್ ನೋಡಿಸಿ. ಕಣ್ಣು ಪಿಳಿಪಿಳಿ ಜಾಸ್ತಿ ಆಡಿಸುತ್ತಿದ್ದರೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಕನ್ನಡಕ ಬೇಕಾಗಿರಬಹುದು, ಮೊಬೈಲ್ ನೋಡಿ ನೋಡಿ ಕಣ್ಣು ಒಣಗಿರಬಹುದು.

ಕಾಫಿ ಬಗ್ಗೆ ಒಂದು ಮಾತು. ಓದೋ ಮಕ್ಕಳು ಅಂತ ರಾತ್ರಿ ಹತ್ತಕ್ಕೆ ಗಟ್ಟಿ ಕಾಫಿ ಮಾಡಿ ಕೊಡುತ್ತೇವೆ. ಕುಡಿದ ಕೆಫೀನ್‌ನಲ್ಲಿ ಅರ್ಧದಷ್ಟು ಸುಮಾರು ಐದು ಗಂಟೆ ಆದ ಮೇಲೂ ರಕ್ತದಲ್ಲಿ ಉಳಿದಿರುತ್ತದೆ. ಬೆಳಗಿನ ಜಾವ ಮೂರಕ್ಕೆ ನಿದ್ದೆ ಬಾರದೆ ಹೊರಳಾಡುವುದು, ಮರುದಿನ ಕೈ ನಡುಕ, ಸಿಡಿಮಿಡಿ, ಇವೆಲ್ಲ ಆ ಲೋಟದಿಂದಲೇ ಬಂದಿರಬಹುದು. ಈ ವಯಸ್ಸಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಐದು ಗಂಟೆ ಮಲಗುವ ಮಗುವಿನ ಮೈ ಶಾಂತವಾಗಿರಲಿ ಅಂತ ಬಯಸುವುದು ನ್ಯಾಯ ಅಲ್ಲ. ಮಧ್ಯಾಹ್ನದ ಮೇಲೆ ಕಾಫಿ ಟೀ ನಿಲ್ಲಿಸಿ ಒಂದು ವಾರ ನೋಡಿ. ಖರ್ಚಿಲ್ಲದ ಪರೀಕ್ಷೆ ಇದು.

ಐದನೆಯದು: ಮೈ ನೋಡಿ ಆರೋಪ ಹೊರಿಸಬೇಡಿ

ನಮ್ಮ ಹಳೆಯ ಧರ್ಮಶಾಸ್ತ್ರಗಳಲ್ಲಿ ತಂಡುಲ ದಿವ್ಯ ಅಂತ ಒಂದು ಪರೀಕ್ಷೆ ಇತ್ತು. ಕಳ್ಳತನದ ಆರೋಪ ಇದ್ದವನಿಗೆ ಅಕ್ಕಿ ಅಗಿಯಲು ಕೊಟ್ಟು ಉಗುಳಿಸುತ್ತಿದ್ದರು. ಉಗುಳಿನಲ್ಲಿ ರಕ್ತ ಕಂಡರೆ, ಮೈ ನಡುಗಿದರೆ ಅವನೇ ಕಳ್ಳ. ಒಣಗಿದ ಬಾಯಲ್ಲಿ ಒಣ ಅಕ್ಕಿ ಅಗಿದರೆ ಒಸಡು ತರಚುತ್ತದೆ, ಅಷ್ಟು ಮಟ್ಟಿಗೆ ಅವರು ಮೈಯನ್ನು ಸರಿಯಾಗಿಯೇ ಗಮನಿಸಿದ್ದರು. ಆದರೆ ಊರೆಲ್ಲ ಸುತ್ತ ನಿಂತು ನೋಡುವಾಗ ಕದಿಯದವನ ಬಾಯಿಯೂ ಒಣಗುತ್ತದೆ ಅಲ್ವಾ?

ನಾವು ಮನೆಯಲ್ಲಿ ಮಾಡುವುದೂ ಕೆಲವೊಮ್ಮೆ ಇದನ್ನೇ. "ನನ್ನ ಕಣ್ಣು ನೋಡಿ ಹೇಳು, ಓದಿದ್ಯಾ ಇಲ್ವಾ?" ಮಗು ತಲೆ ತಗ್ಗಿಸುತ್ತದೆ. ನಾವು ಸುಳ್ಳು ಅಂತ ತೀರ್ಮಾನ ಮಾಡುತ್ತೇವೆ. ಕಣ್ಣು ತಪ್ಪಿಸುವುದು ಸುಳ್ಳಿನ ಗುರುತು ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಹಲವಾರು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು 2006ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಿಶೀಲನೆಯಲ್ಲಿ, ಜನ ಸುಳ್ಳನ್ನೂ ನಿಜವನ್ನೂ ಸರಿಯಾಗಿ ಬೇರ್ಪಡಿಸಿದ್ದು ನೂರಕ್ಕೆ ಸುಮಾರು 54 ಸಲ ಮಾತ್ರ. ನಾಣ್ಯ ಚಿಮ್ಮಿ ಹೇಳಿದರೂ 50 ಸರಿ ಬರುತ್ತದೆ. ಅದಲ್ಲದೆ ದೊಡ್ಡವರು ಗದರುವಾಗ ತಲೆ ತಗ್ಗಿಸಿ ನಿಲ್ಲಬೇಕು, ಕಣ್ಣಿಗೆ ಕಣ್ಣು ಕೊಟ್ಟರೆ ಸೊಕ್ಕು ಅಂತ ಕಲಿಸಿದವರೂ ನಾವೇ. ಕೈಕಟ್ಟಿ ಕೂತರೆ ಮನಸ್ಸು ಮುಚ್ಚಿಕೊಂಡಿದ್ದಾರೆ, ಮೂಗು ಮುಟ್ಟಿಕೊಂಡರೆ ಸುಳ್ಳು ಅಂತೆಲ್ಲ ಬಾಡಿ ಲ್ಯಾಂಗ್ವೇಜ್ ವಿಡಿಯೋಗಳಲ್ಲಿ ಹೇಳುತ್ತಾರೆ. ದಯವಿಟ್ಟು ಅದನ್ನು ಮಕ್ಕಳ ಮೇಲೆ ಪ್ರಯೋಗ ಮಾಡಬೇಡಿ. ಚಳಿಯಾದರೂ ಕೈಕಟ್ಟುತ್ತಾರೆ.

ಗದರುವುದರಿಂದ ಇನ್ನೊಂದು ನಷ್ಟ ಇದೆ. ನಾಲ್ಕು ಜನರೆದುರು "ಕೈ ತೆಗಿ ಬಾಯಿಂದ" ಅಂದರೆ ಮಗು ಕೈ ತೆಗೆಯುತ್ತದೆ, ಆದರೆ ಒಳಗಿನ ಬಿಗಿತದ ಜೊತೆ ಈಗ ನಾಚಿಕೆಯೂ ಸೇರಿತು. ಆಮೇಲೆ ಕೋಣೆ ಬಾಗಿಲು ಹಾಕಿಕೊಂಡು ಕಚ್ಚುತ್ತದೆ. ಬೆರಳಿಗೆ ಬೇವಿನೆಣ್ಣೆ, ಹಾಗಲಕಾಯಿ ರಸ ಹಚ್ಚುವುದೂ ಹಾಗೇ. ಮಗು ತಾನಾಗಿ ಬಿಡಬೇಕು ಅಂತ ಹೊರಟು, ನೆನಪಿಗೆ ಇರಲಿ ಅಂತ ತಾನೇ ಹಚ್ಚಿಕೊಂಡರೆ ಸರಿ. ಶಿಕ್ಷೆಯ ಥರ ನಾವು ಹಚ್ಚಿದರೆ ಉಗುರು ಬಿಟ್ಟು ತುಟಿ ಕಚ್ಚಲು ಶುರುಮಾಡುತ್ತಾರೆ.

ಆರನೆಯದು: ಕೇಳುವ ರೀತಿ

ಎದುರುಬದುರು ಕೂರಿಸಿಕೊಂಡು "ಏನು ಪ್ರಾಬ್ಲಂ ನಿಂದು?" ಅಂದರೆ ಬರುವ ಉತ್ತರ "ಏನಿಲ್ಲ". ಪಕ್ಕಪಕ್ಕ ಇರುವಾಗ ಕೇಳಿ. ಬೈಕಿನಲ್ಲಿ ಹಿಂದೆ ಕೂತಾಗ, ಅವರೆಕಾಳು ಸುಲಿಯುವಾಗ, ಬಟ್ಟೆ ಮಡಚುವಾಗ, ವಾಕಿಂಗ್ ಹೋಗುವಾಗ. ಕೈಗೆ ಕೆಲಸ ಇದ್ದರೆ, ಮುಖ ನೋಡುವ ಒತ್ತಾಯ ಇಲ್ಲದಿದ್ದರೆ ಮಾತು ಸಲೀಸಾಗಿ ಬರುತ್ತದೆ.

ಅಭ್ಯಾಸದ ಹೆಸರು ಎತ್ತದೆ, ಕಂಡದ್ದನ್ನು ಕಂಡ ಹಾಗೆ ಹೇಳಿ. "ಪುಟ್ಟಿ, ಟ್ಯೂಷನ್‌ನಿಂದ ಬಂದ ದಿನ ನೀನು ಸರಿಯಾಗಿ ಊಟ ಮಾಡಲ್ಲ. ಅಲ್ಲಿ ಹೇಗಿರುತ್ತೆ?" ಅಷ್ಟು ಕೇಳಿ ಸುಮ್ಮನಿರಿ. ಮಗು ಉತ್ತರ ಕೊಡದಿದ್ದರೂ ಪರವಾಗಿಲ್ಲ. ಎರಡು ದಿನ ಬಿಟ್ಟು ಅದಾಗಿಯೇ ಹೇಳಬಹುದು. ನನಗೆ ಗೊತ್ತಿರುವ ಒಬ್ಬ ತಾಯಿ ಕೇಳಿದ್ದಕ್ಕೆ ಆ ಹುಡುಗಿ ತುಂಬಾ ಹೊತ್ತು ಮಾತಾಡಲಿಲ್ಲವಂತೆ, ಕಾಳು ಸುಲಿಯುತ್ತಲೇ ಇದ್ದಳಂತೆ, ಕೊನೆಗೆ ತಲೆ ಎತ್ತದೆ "ಅಮ್ಮ, ನೀಟ್ ಬರೀಲಿಲ್ಲ ಅಂದ್ರೆ ಅಪ್ಪ ಏನಂತಾರೆ?" ಅಂದಳಂತೆ. ಅವಳಿಗೆ ಬೇಕಿದ್ದದ್ದು ಡಾಕ್ಟರ್ ಓದಲ್ಲ, ಬಿಎಸ್ಸಿ ಅಗ್ರಿ, ಅಂದರೆ ಕೃಷಿ ಪದವಿ. ವರ್ಷವಿಡೀ ಕಚ್ಚಿಕೊಂಡ ಉಗುರುಗಳ ಹಿಂದೆ ಇದ್ದದ್ದು ಈ ಒಂದು ಪ್ರಶ್ನೆ.

ಹೇಳಲು ಶುರುಮಾಡಿದ ಮೇಲೆ ನಡುವೆ ಬಾಯಿ ಹಾಕಬೇಡಿ. "ಇಷ್ಟಕ್ಕೇನಾ?" ಅನ್ನಬೇಡಿ. "ನಮ್ಮ ಕಾಲದಲ್ಲಿ ಬೀದಿದೀಪದ ಕೆಳಗೆ ಓದ್ತಿದ್ವಿ" ಅಂತ ಶುರುಮಾಡಲೇಬೇಡಿ. "ಹೌದಾ, ಕಷ್ಟ ಆಗಿರಬೇಕು" ಅನ್ನುವ ಮಾತೇ ಸಾಕು, ಆ ಕ್ಷಣಕ್ಕೆ ಪರಿಹಾರ ಕೊಡಬೇಕಾಗಿಲ್ಲ. ಅಜ್ಜಿ ತಾತ ಮನೆಯಲ್ಲಿದ್ದರೆ ಎಷ್ಟೋ ಮಕ್ಕಳು ಮೊದಲು ಬಾಯಿ ಬಿಡುವುದು ಅವರ ಹತ್ತಿರ, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ಏಳನೆಯದು: ಆ ಕ್ಷಣಕ್ಕೆ ಮೈಗೆ ಏನು ಕೊಡಬೇಕು

ಇವನ್ನು ಪರೀಕ್ಷೆಗೆ ಒಂದು ತಿಂಗಳ ಮುಂಚೆ ಶುರುಮಾಡಿ. ಪರೀಕ್ಷೆ ದಿನ ಮೊದಲ ಸಲ ಮಾಡಿದರೆ ಕೈಗೂಡುವುದಿಲ್ಲ.

ಉಸಿರು. ಮೂಗಿನಲ್ಲಿ ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ನಿಧಾನವಾಗಿ ಹೊರಗೆ. ಹೊರಗೆ ಬಿಡುವುದು ಉದ್ದ ಇರಲಿ. ಉಸಿರು ಬಿಡುವಾಗ ಎದೆಬಡಿತ ಸ್ವಲ್ಪ ಇಳಿಯುತ್ತದೆ, ಅದಕ್ಕೆ ಈ ಕ್ರಮ. ಹತ್ತು ಸಲ ಸಾಕು. ತಲೆ ತಿರುಗಿದರೆ ನಿಲ್ಲಿಸಿ.

ಪಾದ. ಚಪ್ಪಲಿ ಬಿಟ್ಟು ಎರಡೂ ಪಾದ ನೆಲಕ್ಕೆ ಒತ್ತಿ ಕೂರುವುದು. ಕುಣಿಯುವ ಕಾಲಿಗೆ ಇದು ಒಳ್ಳೆಯ ಕೆಲಸ. ಆಮೇಲೆ ಭುಜವನ್ನು ಕಿವಿವರೆಗೆ ಎತ್ತಿ, ಐದು ಎಣಿಸಿ, ಒಮ್ಮೆಲೇ ಕೈಬಿಡುವುದು. ಬಿಗಿ ಮಾಡಿ ಬಿಟ್ಟಾಗ ಸ್ನಾಯು ಮೊದಲಿಗಿಂತ ಸಡಿಲಾಗುತ್ತದೆ.

ಕೈ ತಣ್ಣಗಾಗಿದ್ದರೆ ಬೆಚ್ಚಗಿನ ನೀರಿನಲ್ಲಿ ಇಡುವುದು, ಅಥವಾ ಅಂಗೈ ಉಜ್ಜಿಕೊಳ್ಳುವುದು. ಬಾಯಿ ಒಣಗಿದ್ದರೆ ಗುಟುಕು ಗುಟುಕಾಗಿ ನೀರು. ಟೈಟ್ರೇಶನ್ ಮಾಡುವ ಮಕ್ಕಳಿಗೆ ನಾನು ಹೇಳುವುದು: ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡ್ಕೊಳ್ಳಿ, ಉದ್ದ ಉಸಿರು ಬಿಡ್ತಾ ಹನಿ ಬಿಡಿ, ಆಗ ಬೆರಳು ನಡುಗಿದರೂ ಹಿಡಿತ ತಪ್ಪಲ್ಲ.

ಉಗುರು ಕಚ್ಚುವುದು, ಕೂದಲು ಕೀಳುವುದು ಬಿಡಿಸಲು ಒಂದು ಪದ್ಧತಿ ಇದೆ. 1973ರಲ್ಲಿ ಅಜ್ರಿನ್ ಮತ್ತು ನನ್ ಅನ್ನುವ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ್ದು, ಇವತ್ತಿಗೂ ಬಳಕೆಯಲ್ಲಿದೆ. ಅದರ ಸಾರ ಎರಡು ಹೆಜ್ಜೆ. ಮೊದಲನೆಯದು, ಕೈ ಬಾಯಿಯ ಕಡೆ ಹೊರಟದ್ದನ್ನು ಮಗು ತಾನೇ ಗಮನಿಸುವುದು. ಬಹಳಷ್ಟು ಸಲ ಅವರಿಗೆ ಗೊತ್ತೇ ಆಗುವುದಿಲ್ಲ, ಅರ್ಧ ಉಗುರು ಹೋದ ಮೇಲೆ ಗೊತ್ತಾಗುತ್ತದೆ. ಎರಡನೆಯದು, ಗಮನಿಸಿದ ಕೂಡಲೇ ಆ ಕೈಗೆ ಬೇರೆ ಕೆಲಸ ಕೊಡುವುದು: ಮುಷ್ಟಿ ಬಿಗಿ ಹಿಡಿದು ಒಂದು ನಿಮಿಷ ಇರುವುದು, ಅಥವಾ ಪೆನ್ನನ್ನು ಗಟ್ಟಿಯಾಗಿ ಹಿಡಿಯುವುದು. ಮುಷ್ಟಿ ಕಟ್ಟಿದ ಕೈಯ ಉಗುರು ಕಚ್ಚಲಾಗುವುದಿಲ್ಲ. ಮನೆಯವರು ಮಾಡಬೇಕಾದದ್ದು ಇಷ್ಟೇ, ಮಗು ಮುಷ್ಟಿ ಕಟ್ಟಿದ್ದನ್ನು ಕಂಡಾಗ ಒಂದು ಒಳ್ಳೆ ಮಾತು. ಕಚ್ಚಿದ್ದನ್ನು ಕಂಡಾಗ ಏನೂ ಹೇಳದಿರುವುದು. ಜೊತೆಗೆ ಉಗುರನ್ನು ಸಣ್ಣಗೆ ಕತ್ತರಿಸಿ, ಚೂಪು ಅಂಚು ಉಜ್ಜಿ ನುಣುಪು ಮಾಡಿ. ಒರಟು ಅಂಚು ಸಿಕ್ಕರೆ ಹಲ್ಲು ಅಲ್ಲಿಗೇ ಹೋಗುತ್ತದೆ.

ಎಂಟನೆಯದು: ಹೊರೆ ಇಳಿಸುವ ಕೆಲಸ ನಮ್ಮದು

ಉಸಿರಾಟ ಕಲಿಸಿ, ಹೊರೆ ಹಾಗೇ ಬಿಟ್ಟರೆ ಏನು ಬಂತು?

2024ರಿಂದ ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿಗೂ ಸೆಕೆಂಡ್ ಪಿಯುಗೂ ಪರೀಕ್ಷೆ 1, ಪರೀಕ್ಷೆ 2 ಅಂತ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶ ಬಂದಿದೆ. ಮೊದಲಿನ ಥರ ಸಪ್ಲಿಮೆಂಟರಿ ಅನ್ನುವ ಹಣೆಪಟ್ಟಿ ಇಲ್ಲ. ಒಂದರಲ್ಲಿ ಕಮ್ಮಿ ಬಂದರೆ ಇನ್ನೊಂದು ಬರೆದು ಹೆಚ್ಚಿಗೆ ಬಂದ ಅಂಕ ಉಳಿಸಿಕೊಳ್ಳಬಹುದು. ಇದು ಮಕ್ಕಳಿಗೆ ಗೊತ್ತಿರುತ್ತದೆ, ಆದರೆ ಮನೆಯವರ ಬಾಯಲ್ಲಿ ಕೇಳಿಲ್ಲ. "ಮಾರ್ಚ್‌ನಲ್ಲಿ ಸರಿಹೋಗದಿದ್ದರೆ ಮುಂದಿನದು ಬರಿ, ನಾವಿದ್ದೀವಿ" ಅಂತ ಅಪ್ಪ ಒಮ್ಮೆ ಗಟ್ಟಿಯಾಗಿ ಹೇಳಿದರೆ ಆ ರಾತ್ರಿಯ ನಿದ್ದೆಯೇ ಬೇರೆ.

ನೆಂಟರ ಫೋನ್ ನೀವು ತೆಗೆಯಿರಿ. ಎಷ್ಟು ಪರ್ಸೆಂಟ್, ಯಾವ ಕಾಲೇಜು ಅನ್ನುವ ಪ್ರಶ್ನೆಗೆ ನೀವೇ ಉತ್ತರ ಕೊಟ್ಟು ಮುಗಿಸಿ. ಊಟದ ತಟ್ಟೆ ಮುಂದೆ ಅಂಕದ ಮಾತು ಬೇಡ. ಪರೀಕ್ಷೆ ಬರೆದು ಬಂದ ಕೂಡಲೇ ಪ್ರಶ್ನೆಪತ್ರಿಕೆ ಹಿಡಿದು ಒಂದೊಂದೇ ಉತ್ತರ ಕೇಳುವ ಪದ್ಧತಿ ಎಷ್ಟೋ ಮನೆಗಳಲ್ಲಿದೆ. ಮುಗಿದ ಪರೀಕ್ಷೆಯ ಅಂಕ ಅದರಿಂದ ಬದಲಾಗುವುದಿಲ್ಲ, ಮುಂದಿನ ಪರೀಕ್ಷೆಗೆ ಮಾತ್ರ ಕೈ ನಡುಗುತ್ತದೆ. ಕೊಡಬೇಕಾದದ್ದು ಮಜ್ಜಿಗೆ, ಊಟ, ಒಂದು ಗಂಟೆ ನಿದ್ದೆ. ಸಂಜೆ ಅರ್ಧ ಗಂಟೆ ಆಟವೋ ನಡಿಗೆಯೋ ಇರಲಿ, ಪರೀಕ್ಷೆ ನಡೆಯುವ ದಿನಗಳಲ್ಲೂ ಇರಲಿ. ಓಡಲು ಸಿದ್ಧವಾದ ಮೈಗೆ ನಿಜವಾಗಿ ಓಡಲು ಬಿಡುವುದು ಅದು.

ಡಾಕ್ಟರ ಹತ್ತಿರ ಹೋಗಬೇಕಾದ ಹೊತ್ತು

ಕೂದಲು ಕಿತ್ತು ತಲೆಯಲ್ಲೋ ಹುಬ್ಬಿನಲ್ಲೋ ಬೋಳು ಕಾಣಿಸಿದರೆ, ಕಿತ್ತ ಕೂದಲು ನುಂಗುತ್ತಿದ್ದರೆ (ಹೊಟ್ಟೆಯಲ್ಲಿ ಉಂಡೆ ಕಟ್ಟಿಕೊಂಡು ಆಪರೇಷನ್‌ವರೆಗೂ ಹೋಗುತ್ತದೆ), ಚರ್ಮ ಕಿತ್ತು ಗಾಯ ಮಾಯದಿದ್ದರೆ, ಉಗುರುಸುತ್ತು ಮತ್ತೆ ಮತ್ತೆ ಆದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿ ಎದೆ ಹಿಡಿದುಕೊಂಡು ಸಾಯ್ತೀನಿ ಅನ್ನಿಸುವಂಥ ಗಾಬರಿ ಬಂದರೆ, ವಾರಗಟ್ಟಲೆ ನಿದ್ದೆ ಊಟ ಕೆಟ್ಟಿದ್ದರೆ, ಕಾಲೇಜಿಗೆ ಹೋಗುವುದನ್ನೇ ನಿಲ್ಲಿಸಿದರೆ ಮನೋವೈದ್ಯರನ್ನೋ ಕೌನ್ಸೆಲರನ್ನೋ ನೋಡಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ವಿಭಾಗ ಇದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಮಾಡಿದ್ದಾರೆ, ನಿಮ್ಮ ತಾಲ್ಲೂಕಿನಲ್ಲಿ ಯಾವ ವಾರ ಅಂತ ಫೋನ್ ಮಾಡಿ ಕೇಳಿಕೊಳ್ಳಿ. ಬೆಂಗಳೂರಿನ ಹತ್ತಿರ ಇರುವವರಿಗೆ ನಿಮ್ಹಾನ್ಸ್ ಇದೆ, ಅಲ್ಲಿ ಮಕ್ಕಳಿಗೇ ಬೇರೆ ವಿಭಾಗ ಇದೆ.

ಆಸ್ಪತ್ರೆಗೆ ಹೋಗಲು ಹಿಂಜರಿಕೆ ಇದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರುಮಾಡಿದ ಸಹಾಯವಾಣಿ. ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮಗುವೇ ಮಾಡಬಹುದು, ನೀವೂ ಮಾಡಬಹುದು. ಈ ನಂಬರನ್ನು ಫ್ರಿಜ್ ಮೇಲೋ ಓದುವ ಮೇಜಿನ ಮೇಲೋ ಸುಮ್ನೆ ಅಂಟಿಸಿಡಿ.

ಕೆಲವು ಗುರುತುಗಳಿಗೆ ಎರಡು ವಾರ ಕಾಯಬಾರದು. ಸೆಖೆಯಲ್ಲೂ ತುಂಬುತೋಳು ಹಾಕಿಕೊಂಡು ಮಣಿಕಟ್ಟು ಮುಚ್ಚಿಡುವುದು, ಕೊಯ್ದ ಗಾಯ, "ನಾನಿಲ್ಲದಿದ್ರೆ ನಿಮಗೆಲ್ಲ ಆರಾಮ" ಅನ್ನುವ ಮಾತು, ಇಷ್ಟದ ವಸ್ತುಗಳನ್ನು ಗೆಳೆಯರಿಗೆ ಕೊಟ್ಟುಬಿಡುವುದು, ಬಹಳ ದಿನದ ಸಂಕಟದ ನಂತರ ದಿಢೀರ್ ಶಾಂತವಾಗುವುದು. ಅವತ್ತೇ ಮಾತಾಡಿ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿಯೇ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಅನ್ನುವ ಹೆದರಿಕೆ ಬೇಡ, ಕೇಳುವವರು ಒಬ್ಬರಿದ್ದಾರೆ ಅನ್ನುವುದೇ ಎಷ್ಟೋ ಸಮಾಧಾನ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ, ಮನೆಯಲ್ಲಿರುವ ಮಾತ್ರೆ, ಹೊಲಕ್ಕೆ ಹೊಡೆಯುವ ಔಷಧಿ ಎಲ್ಲ ಬೀಗ ಹಾಕಿಡಿ, ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಡಾಕ್ಟರ ಹತ್ತಿರ ಹೋಗುವಾಗ ಆ ಡೈರಿ ಜೊತೆಗಿರಲಿ. ರಕ್ತ ಪರೀಕ್ಷೆಯ ವರದಿ, ಎಷ್ಟು ಗಂಟೆಗೆ ಮಲಗಿ ಎಷ್ಟು ಗಂಟೆಗೆ ಏಳುತ್ತಾರೆ, ಯಾವ ಮಾತ್ರೆ ತಗೊಳ್ತಿದ್ದಾರೆ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮಗು ಒಬ್ಬಂಟಿಯಾಗಿ ಡಾಕ್ಟರ ಜೊತೆ ಮಾತಾಡಲು ಸ್ವಲ್ಪ ಹೊತ್ತು ಹೊರಗೆ ಬಂದು ಕೂರಿ, ಒಳಗೆ ಏನು ಮಾತಾಡಿದೆ ಅಂತ ದಾರಿಯಲ್ಲಿ ಕೆದಕಿ ಕೇಳಬೇಡಿ. ಮಾತ್ರೆ ಬರೆದುಕೊಟ್ಟರೆ ನಾಲ್ಕು ದಿನಕ್ಕೆ ಆರಾಮಾಯ್ತು ಅಂತ ನೀವಾಗಿಯೇ ನಿಲ್ಲಿಸಬೇಡಿ. ಪರೀಕ್ಷೆ ತಾರೀಖು ಯಾವಾಗ ಅಂತ ಅವರಿಗೆ ಮೊದಲೇ ಹೇಳಿ, ನಿದ್ದೆ ಬರಿಸುವ ಮಾತ್ರೆಯಿದ್ದರೆ ಯಾವ ಹೊತ್ತಿಗೆ ಕೊಡಬೇಕು ಅನ್ನುವುದನ್ನು ಅದಕ್ಕೆ ತಕ್ಕ ಹಾಗೆ ಹೊಂದಿಸಿ ಕೊಡುತ್ತಾರೆ.